ಹೊಸ ಕಾರಿನಲ್ಲಿ ಕಾರಡ್ಕಕ್ಕೆ

ಮಧೂರು
5 ಮೇ 2024

ನನ್ನ ಮುದ್ದು ಅಮ್ಮಾ,

ಫೋನಿನಲ್ಲಿ ನನ್ನನ್ನು ಬ್ಲಾಕ್ ಮಾಡಿದ್ದೀ, ಸರಿ. ಅತ್ತೆಯ ಫೋನಿನಿಂದ ಮಾಡಿದರೆ ನನ್ನ ಸ್ವರ ಕೇಳಿದ ಕೂಡಲೇ ಇಟ್ಟುಬಿಡುತ್ತೀ, ಅದೂ ಸರಿ. ಆದರೆ ನಮ್ಮ ಪೋಸ್ಟ್‌ಮ್ಯಾನ್ ವಾಸಪ್ಪಣ್ಣನನ್ನು ಬ್ಲಾಕ್ ಮಾಡಲು ನಿನ್ನಿಂದ ಆಗುವುದಿಲ್ಲ! ಇಂಗ್ಲಿಷ್ ಮೀಡಿಯಂ ಹುಡುಗಿ ಕೂತು ಕನ್ನಡದಲ್ಲಿ ಪತ್ರ ಬರೆಯುತ್ತಿದ್ದಾಳೆ, ಅದಕ್ಕಾದರೂ ನೀನು ಇದನ್ನು ಪೂರ್ತಿ ಓದಬೇಕು.

ಅಮ್ಮಾ, ನಾವು ಕಾರು ತೆಗೆದುಕೊಳ್ಳುತ್ತಿದ್ದೇವೆ! ಹೊಸದು! ಪ್ಲಾಸ್ಟಿಕ್ ಕವರಿನ ವಾಸನೆ ಬರುವಂಥದ್ದು! ಲತೀಶನ ಸೋಲಾರ್ ಪ್ಯಾನೆಲ್ ಕೆಲಸ ಈಗ ಚೆನ್ನಾಗಿ ನಡೆಯುತ್ತಿದೆ, ನನ್ನ ಶಾಲೆಯ ಸಂಬಳವೂ ಇದೆ. ಅತ್ತೆ, ಮಾವ, ಅವನು, ನಾನು ನಾಲ್ವರೂ ಒಂದು ಸ್ಕೂಟರಿನಲ್ಲಿ ಕೂರಲು ಆಗುವುದಿಲ್ಲವಲ್ಲ. ನಿನ್ನೆ ವಿದ್ಯಾನಗರದ ಶೋರೂಮಿಗೆ ಹೋಗಿದ್ದೆವು. ಹೈವೇ ಕೆಲಸ ನಡೆಯುತ್ತಿರುವುದರಿಂದ ಶೋರೂಮ್ ಕಣ್ಣೆದುರು ಇದ್ದರೂ ಅದರ ಬಾಗಿಲಿಗೆ ಹೋಗುವ ದಾರಿ ಸಿಗಲಿಲ್ಲ. ಎರಡು ಸುತ್ತು ಹಾಕಿದೆವು.

ನಿನ್ನ ಅಳಿಯನಿಗೆ (ಹಾಗೆ ಬರೆದೇಬಿಟ್ಟೆ, ನೋಡು) ಚೌಕಾಸಿ ಮಾಡಲು ಬರುವುದೇ ಇಲ್ಲ ಅಮ್ಮಾ. ಸೇಲ್ಸ್‌ನ ಮಹಾಲಿಂಗ ಎಂಬವರು ಆನ್‌ರೋಡ್ ಬೆಲೆ ಹೇಳಿದ ಕೂಡಲೇ ಇವನು "ಆಯ್ತು" ಅಂದುಬಿಟ್ಟ! ನಾನು ಮೇಜಿನ ಕೆಳಗೆ ಅವನ ಕಾಲು ತುಳಿದೆ.

"ಎಂತ ತುಳಿಯುವುದು ನೀನು?" ಎಂದು ಇಡೀ ಶೋರೂಮಿಗೆ ಕೇಳುವಂತೆ ಕೇಳಿದ. ಮಹಾಲಿಂಗರಿಗೆ ನಗು ತಡೆಯಲಾಗಲಿಲ್ಲ. ಮಾವ ಪಾಪ, ಚಪ್ಪಲಿ ಹೊರಗೆ ಬಿಟ್ಟು ಬಂದು ಒಂದು ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದರು. "ಇದು ದೇವಸ್ಥಾನ ಅಲ್ಲ ಮಾವ" ಎಂದರೆ, "ದೇವಸ್ಥಾನದಲ್ಲಿ ಇಷ್ಟು ಚಳಿ ಇರುವುದಿಲ್ಲ ಮಗಾ" ಎಂದರು.

ಈಗ ವಿಷಯಕ್ಕೆ ಬರುತ್ತೇನೆ. ಮಹಾಲಿಂಗರು ಕೇಳಿದರು: "ಮನೆಯಲ್ಲಿ ಹಳೆ ಕಾರು ಉಂಟಾ ಮೇಡಂ? ಎಕ್ಸ್‌ಚೇಂಜಿಗೆ ಕೊಟ್ಟರೆ ಅದರ ಬೆಲೆ ಬೇರೆ, ಮೇಲಿಂದ ಬೋನಸ್ ಬೇರೆ. ಕಾರು ತೆಗೆದುಕೊಳ್ಳುವವರ ಅಪ್ಪ, ಅಮ್ಮನ ಹೆಸರಿನಲ್ಲಿ ಇದ್ದರೂ ಆಗ್ತದೆ." ನನ್ನ ಬಾಯಿಂದ ತಾನಾಗಿ ಬಂತು: "ಉಂಟು! ನನ್ನ ಅಮ್ಮನ ಹೆಸರಿನಲ್ಲಿ ಉಂಟು!"

ಅಪ್ಪನ ಕಾರು. ಅಪ್ಪ ಹೋದ ಮೇಲೆ ಯತಿನ್ ಅಣ್ಣ ಅದನ್ನು ನಿನ್ನ ಹೆಸರಿಗೆ ಮಾಡಿಸಿದನಲ್ಲ. ಅಣ್ಣನಿಗೆ ಅವನದ್ದೇ ಕಾರು ಇದೆ. ಇದು ಶೆಡ್ಡಿನಲ್ಲಿ ಸುಮ್ಮನೆ ನಿಂತಿದೆ. ಆದರೆ ಅದನ್ನು ಕೊಡಬೇಕಾದರೆ ನೀನೇ ಶೋರೂಮಿಗೆ ಬಂದು ಸಹಿ ಹಾಕಬೇಕಂತೆ. ಅಮ್ಮಾ, ನನಗೆ ಬೋನಸ್ಸೂ ಬೇಡ, ಬೆಲೆಯೂ ಬೇಡ. ನೀನು ಬರಬೇಕು, ಅಷ್ಟೇ. ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯಾದಂದಿನಿಂದ ನಿನ್ನ ಮುಖ ನೋಡಲಿಲ್ಲ ನಾನು.

ಕೂಸಪ್ಪಣ್ಣ ನಮ್ಮ ತೋಟದಲ್ಲಿ ತೆಂಗಿನಕಾಯಿ ಕೊಯ್ಯುತ್ತಿದ್ದವರು, ಅವರ ಮಗನನ್ನು ಕಟ್ಟಿಕೊಂಡೆ ಎಂಬುದೇ ನಿನ್ನ ಸಿಟ್ಟು. "ಬೇರೆ ಯಾರನ್ನು ತಂದಿದ್ದರೂ ಸಹಿಸುತ್ತಿದ್ದೆ" ಎಂದಿದ್ದೆ. ಆದರೆ ಅವರ ಮನೆಯಲ್ಲಿ ನಾನು ಎಷ್ಟು ಖುಷಿಯಾಗಿದ್ದೇನೆ ಎಂದು ಒಮ್ಮೆ ನೋಡಿದರೆ ನಿನ್ನ ಸಿಟ್ಟು ಇಳಿಯುತ್ತದೆ, ನನಗೆ ಗೊತ್ತು! ಕಾರು ಬಂದ ಮೇಲೆ ಮೊದಲ ಸವಾರಿ ಕಾರಡ್ಕಕ್ಕೆ, ನಮ್ಮ ಮನೆಗೆ. ನಾಲ್ವರೂ ಬರುತ್ತೇವೆ. ಒಳಗೆ ಕರೆಯುತ್ತೀಯಲ್ಲ?

ಸಾವಿರ ಮುತ್ತುಗಳೊಂದಿಗೆ,
ನಿನ್ನ ತಿಪ್ಪಿ


ಮಧೂರು
20 ಮೇ 2024

ಅಮ್ಮಾ,

ಉತ್ತರ ಇಲ್ಲ. ವಾಸಪ್ಪಣ್ಣ ಪತ್ರ ಕೊಟ್ಟದ್ದು ಹೌದು ಎಂದು ಅಣ್ಣ ಮೆಸೇಜ್ ಮಾಡಿದ್ದಾನೆ. ನೀನು ಓದಿದ್ದು ಹೌದಂತೆ, ಮಡಚಿ ಅಕ್ಕಿ ಡಬ್ಬದ ಮೇಲೆ ಇಟ್ಟದ್ದೂ ಹೌದಂತೆ. ಮತ್ತೆ ಎಂತ ಎಂದು ಕೇಳಿದರೆ, "ಮತ್ತೆ ಮೀನು ತೊಳೆಯಲಿಕ್ಕೆ ಹೋದರು" ಎಂದು ಬರೆದಿದ್ದಾನೆ. ಅಣ್ಣನ ಹತ್ತಿರ ಸುದ್ದಿ ಕೇಳುವುದಕ್ಕಿಂತ ಗೋಡೆಯ ಹತ್ತಿರ ಕೇಳಬಹುದು.

ನಾನು ಕಾರು ಕೇಳಿದ್ದು ಗೊತ್ತಾಗಿ ಮಾವ ಗದರಿದರು. ಅವರು ಗದರಿದ್ದು ಇದೇ ಮೊದಲು. "ಗುಣಪಾಲ ಧನಿಗಳ ಕಾರು ಮಗಾ ಅದು. ಅಕ್ಕನ ಹತ್ತಿರ ಅದನ್ನು ಕೇಳುವುದಾ? ಮಗಳನ್ನು ಕೊಂಡು ಹೋದ ಮೇಲೆ ಕಾರಿಗೂ ಬಂದರು ಅಂತ ಅವರು ಎಣಿಸುವುದಿಲ್ಲವಾ?" ಎಂದರು.

ನನಗೆ ಹಾಗೆ ತೋರಿಯೇ ಇರಲಿಲ್ಲ. ನಿಜವಾಗಿ ತೋರಿರಲಿಲ್ಲ ಅಮ್ಮಾ. ನೀನು ಹಾಗೆ ಎಣಿಸಿದೆಯಾ? ಹಾಗಿದ್ದರೆ ಕಾರಿನ ಮಾತು ಬಿಟ್ಟುಬಿಡು. ಆ ಸಾಲುಗಳನ್ನೆಲ್ಲ ಹೊಡೆದುಹಾಕು. ಉಳಿದದ್ದನ್ನು ಮಾತ್ರ ಓದು.

ಮಹಾಲಿಂಗರು ದಿನಾಲೂ ಫೋನ್ ಮಾಡುತ್ತಾರೆ, ತಿಂಗಳು ಮುಗಿದರೆ ಆಫರ್ ಹೋಗುತ್ತದಂತೆ. ಲತೀಶ್ ಅದಕ್ಕೂ "ಆಯ್ತು" ಅನ್ನುತ್ತಾನೆ! ಬಣ್ಣ ನೀಲಿ ಎಂದು ತೀರ್ಮಾನವಾಗಿದೆ. ಅತ್ತೆಗೆ ಬಿಳಿ ಬೇಕಿತ್ತು. "ಬಿಳಿ ಅಂಬುಲೆನ್ಸಿಗೆ ಪ್ರಫುಲ್ಲಾ" ಎಂದು ಮಾವ ಹೇಳಿದ ಮೇಲೆ ಸುಮ್ಮನಾದರು.

ಒಂದು ಸಾಲು ಬರೆ ಅಮ್ಮಾ. ಬೈದಾದರೂ ಬರೆ.

ನಿನ್ನ ತಿಪ್ಪಿ


ಕಾರಡ್ಕ
25 ಮೇ 2024

ತೃಪ್ತಿಗೆ,

ಎರಡೂ ಪತ್ರ ತಲುಪಿದವು. ಕಾರು ನನ್ನ ಹೆಸರಿನಲ್ಲಿ ಇರುವುದು ಹೌದು. ಸುಮ್ಮನೆ ನಿಂತಿದೆ ಎಂದು ಬರೆದಿದ್ದೀ. ನಿಂತಿಲ್ಲ. ಪ್ರತಿ ಗುರುವಾರ ನಾನು ಮುಳ್ಳೇರಿಯಕ್ಕೆ ಹೋಗಿ ಬರುತ್ತೇನೆ. ನಿನ್ನ ಅಪ್ಪ ಹೋದ ಮೇಲೆ ಕಲಿತದ್ದು. ನಿನಗೆ ಗೊತ್ತಿರಲಿಕ್ಕಿಲ್ಲ, ನೀನು ಆಗ ಮಂಗಳೂರಿನ ಹಾಸ್ಟೆಲಿನಲ್ಲಿದ್ದೆ.

ಶುಕ್ರವಾರ ಬೆಳಿಗ್ಗೆ ಶೋರೂಮಿಗೆ ನಾನೇ ತರುತ್ತೇನೆ. ಕರೆದುಕೊಂಡು ಹೋಗಲು ಯಾರೂ ಬರುವುದು ಬೇಡ.

ಪಂಕಜಾಕ್ಷಿ


ಮಧೂರು
1 ಜೂನ್ 2024

ಅಮ್ಮಾ, ಅಮ್ಮಾ, ಅಮ್ಮಾ,

ನಿನ್ನೆಯ ದಿನವನ್ನು ನಾನು ಎಷ್ಟು ಸಲ ರೀವೈಂಡ್ ಮಾಡಿ ನೋಡಿದ್ದೇನೋ! ನೀನೇ ಇದ್ದ ದಿನವನ್ನು ನಿನಗೇ ಹೇಳಲು ಹೊರಟಿದ್ದೇನೆ. ನಗು ಬೇಕಾದರೆ. ಆದರೆ ಹೇಳದೆ ಇರಲು ನನ್ನಿಂದ ಆಗುವುದಿಲ್ಲ.

ಸರ್ವಿಸ್ ರೋಡಿನ ಧೂಳಿನೊಳಗಿಂದ ಅಪ್ಪನ ಕಾರು ಬಂತು. ಸ್ಟಿಯರಿಂಗ್ ಹಿಡಿದದ್ದು ನೀನು! ಹಸಿರು ಅಂಚಿನ ಸೀರೆ, ಕೂದಲು ಎಷ್ಟು ಬೆಳ್ಳಗಾಗಿದೆ ಅಮ್ಮಾ. ನಾನು ಓಡಿ ಬಂದೆ, ನೀನು ಬಾಗಿಲು ಲಾಕ್ ಮಾಡುವುದರಲ್ಲೇ ಇದ್ದೆ. "ಮಹಾಲಿಂಗ ಅನ್ನುವವರು ಯಾರು?" ಎಂದು ಕೇಳುತ್ತ ಒಳಗೆ ನಡೆದೆ.

ಹಳೆ ಕಾರು ನೋಡುವವನು ಬಾನೆಟ್ಟಿಗೆ ಬೆರಳಿನಿಂದ ಬಡಿದು, "ಪೈಂಟ್ ಹೋಗಿದೆ, ಟಯರ್ ಸವೆದಿದೆ" ಎಂದ. ನೀನು ಹೇಳಿದ್ದು ನನಗೆ ಬಾಯಿಪಾಠ ಆಗಿದೆ: "ಟಯರ್ ಸವೆದದ್ದು ಓಡಿದ ಕಾರಣ. ಸವೆಯದ ಟಯರ್ ಬೇಕಾದರೆ ನಿಮ್ಮ ಗಾಜಿನೊಳಗೆ ನಿಲ್ಲಿಸಿದ್ದನ್ನು ನೋಡಿ." ಅವನು ಬೆಲೆ ಏರಿಸಿದ. ನೀನು ಸುಮ್ಮನೆ ನಿಂತೆ. ಇನ್ನೂ ಏರಿಸಿದ! ಏನೂ ಮಾತಾಡದೆ ಚೌಕಾಸಿ ಮಾಡಬಹುದು ಎಂದು ನನಗೆ ಯಾವ ಕಾಲೇಜೂ ಕಲಿಸಲಿಲ್ಲ.

ಆಮೇಲೆ ಹೊಸ ಕಾರಿನ ಬಿಲ್ಲು. "ಹ್ಯಾಂಡ್ಲಿಂಗ್ ಚಾರ್ಜು ಅಂದರೆ ಎಂತ?"

"ಅದು... ಗಾಡಿ ಯಾರ್ಡಿನಿಂದ ಇಲ್ಲಿಗೆ ತರುವುದು, ತೊಳೆಯುವುದು, ಹಾಗೆಲ್ಲ ಅಮ್ಮ."

"ನೀವು ಮುಟ್ಟಿದ್ದಕ್ಕೂ ನಾವು ಕೊಡಬೇಕಾ? ತೆಗೆಯಿರಿ ಅದನ್ನು. ಇದೆಂತ, ಮ್ಯಾಟಿಗೂ ದುಡ್ಡಾ? ಅಂಗಿ ಹೊಲಿಸಿದರೆ ಗುಂಡಿಗೆ ಬೇರೆ ಕೊಡುವ ಕ್ರಮ ಉಂಟಾ ನಿಮ್ಮಲ್ಲಿ?"

ಮಹಾಲಿಂಗರು ಮ್ಯಾನೇಜರನ ಕೋಣೆಗೆ ಹೋಗುವುದು, ಬರುವುದು, ಮತ್ತೆ ಹೋಗುವುದು. ಕಡೆಗೆ "ನಿಮ್ಮನ್ನು ಮೊದಲೇ ಕರೆದುಕೊಂಡು ಬಂದಿದ್ದರೆ ನಾನು ರಜೆ ಹಾಕುತ್ತಿದ್ದೆ ಅಮ್ಮ" ಎಂದು ಕೈಮುಗಿದರು. ಲತೀಶ್ ಬೆರಗಾಗಿ ನೋಡುತ್ತಿದ್ದ. ನನ್ನ ಎದೆ ಎಷ್ಟು ಉಬ್ಬಿತ್ತು ಗೊತ್ತಾ? ಅಮ್ಮ ನನಗಾಗಿ ಜಗಳ ಮಾಡುತ್ತಿದ್ದಾಳೆ! ನನ್ನ ಜೊತೆ ಮಾತಾಡದ ಅಮ್ಮ, ನನಗಾಗಿ!

ಆಮೇಲೆ ಬೋನಸ್ಸಿನ ಕಾಗದ ಬಂತು. ಮಹಾಲಿಂಗರು ಪೆನ್ನು ಹಿಡಿದು, "ಕಾರು ತೆಗೆದುಕೊಳ್ಳುವವರು ನಿಮಗೆ ಎಂತ ಆಗಬೇಕಮ್ಮ?" ಎಂದು ಕೇಳಿದರು. ಅದು ಅವರು ದಿನಾ ಕೇಳುವ ಪ್ರಶ್ನೆ. ನೀನು ಅವರ ಮುಖ ನೋಡಿದೆ, ಮೇಲೆ ಏಸಿಯನ್ನು ನೋಡಿದೆ. ನೀನು ಹೇಳಲಿಲ್ಲ. ಅವರ ಕೈಯಿಂದ ಪೆನ್ನು ತೆಗೆದುಕೊಂಡು ನೀನೇ ಬರೆದೆ. 'ಮಗಳು'. ನಿನ್ನ ಆ ದುಂಡು ಅಕ್ಷರದಲ್ಲಿ.

ಬಾಯಿಬಿಟ್ಟು ಹೇಳಿದ್ದರೆ ಇನ್ನೂ ಚೆನ್ನಾಗಿತ್ತು. ಆದರೆ ಅಷ್ಟೇ ಸಾಕು ನನಗೆ. ಸದ್ಯಕ್ಕೆ.

ಹೊರಡುವಾಗ ನೀನು ಮಾವನ ಎದುರು ನಿಂತೆ. "ಕೂಸಪ್ಪಾ, ಮೊಣಕಾಲು ನೋವು ಹೇಗೆ ಉಂಟು?" ಎಂದೆ. ಮಾವ "ಪರವಾಗಿಲ್ಲ ಅಕ್ಕ, ಮರ ಹತ್ತುವುದು ಬಿಟ್ಟ ಮೇಲೆ ಕಡಿಮೆ" ಎಂದರು. ಸಂಜೆಯಿಡೀ ಅತ್ತೆಯ ಹತ್ತಿರ ಅದನ್ನೇ ಹೇಳುತ್ತಿದ್ದರು, "ಅಕ್ಕನಿಗೆ ನನ್ನ ಮೊಣಕಾಲು ನೆನಪುಂಟು" ಎಂದು.

ಲತೀಶ್ ಬಿಟ್ಟು ಬರುತ್ತೇನೆ ಎಂದಾಗ ನೀನು ಬೇಡ ಎಂದು ಬಸ್ಸು ಹತ್ತಿದೆ. ನಾನು ಸ್ಟಾಪಿನಲ್ಲಿ ನಿಂತು ಕೈ ಬೀಸಿದೆ. ನೀನು ಆಚೆ ಬದಿಯ ಸೀಟಿನಲ್ಲಿ ಕೂತೆ. ಈಚೆ ಬದಿಯಲ್ಲಿ ಸೀಟು ಖಾಲಿ ಇತ್ತು, ನಾನು ನೋಡಿದ್ದೇನೆ.

ಗುರುವಾರ ಮುಳ್ಳೇರಿಯಕ್ಕೆ ಈಗ ಹೇಗೆ ಹೋಗುತ್ತೀ?

ಅಪ್ಪಿಕೊಂಡು,
ನಿನ್ನ ತಿಪ್ಪಿ


ಕಾರಡ್ಕ
15 ಜೂನ್ 2024

ತೃಪ್ತಿಗೆ,

ಮುಳ್ಳೇರಿಯಕ್ಕೆ ಬಸ್ಸು ಉಂಟು.

ಹೊಸ ಕಾರು ಬಂತೆಂದು ಯತಿನ್ ಹೇಳಿದ. ಮಧೂರಿನಲ್ಲಿ ಪೂಜೆ ಮಾಡಿಸಿದ್ದೀರಿ ಎಂದೂ ತಿಳಿಯಿತು. ಒಳ್ಳೆಯದು. ಮಳೆಗೆ ಬ್ರೇಕ್ ಒದ್ದು ಹಿಡಿಯಬಾರದು, ಮೆಲ್ಲ ಒತ್ತಬೇಕು.

ಮುಂದಿನ ವಾರದ ಭಾನುವಾರ, 23ಕ್ಕೆ, ಮಧ್ಯಾಹ್ನದ ಊಟಕ್ಕೆ ಬನ್ನಿ. ಎಲ್ಲರೂ ಬನ್ನಿ. ಕೋಳಿ ಸಾರು ಮತ್ತು ಎಲೆಯಲ್ಲಿ ಬೇಯಿಸಿದ ಮೂಡೆ ಮಾಡಿಸುತ್ತೇನೆ. ಕೂಸಪ್ಪನಿಗೆ ಮೂಡೆ ಇಷ್ಟ.

ಬಹಳ ಯೋಚನೆ ಮಾಡಿ ಬರೆದಿದ್ದೇನೆ. ತಡವಾಗಿ ಬರಬೇಡಿ.

ಅಮ್ಮ


ಮಧೂರು
18 ಜೂನ್ 2024

ಅಮ್ಮಾ!

'ಅಮ್ಮ' ಎಂದು ಸಹಿ ಹಾಕಿದ್ದೀ! ನಾನು ಅಡುಗೆಮನೆಯಲ್ಲಿ ಕುಣಿದೆ, ನಿಜವಾಗಿ ಕುಣಿದೆ, ಅತ್ತೆ ಸೌಟು ಹಿಡಿದುಕೊಂಡೇ ನಕ್ಕರು. ಮಾವ ಪತ್ರವನ್ನು ನನ್ನ ಕೈಯಲ್ಲಿ ಮತ್ತೆ ಮತ್ತೆ ಓದಿಸಿದರು. ಮೂಡೆಯ ಸಾಲು ಬಂದಾಗ ಎದ್ದು ಹೊರಗೆ ಹೋದರು. ಬಿಳಿ ಅಂಗಿ ಇಸ್ತ್ರಿಗೆ ಕೊಟ್ಟಿದ್ದಾರೆ. ನಿನ್ನ ಮನೆಯ ಊಟಕ್ಕೆಂದು ಕರೆಸಿಕೊಂಡದ್ದು ಜೀವಮಾನದಲ್ಲಿ ಇದೇ ಮೊದಲಂತೆ!

ಎಂತ ತರಲಿ? ಎಂತದೂ ಬೇಡ ಅನ್ನುತ್ತೀ, ಗೊತ್ತು. ಅತ್ತೆ ಹಲಸಿನ ಹಪ್ಪಳ ಕಟ್ಟಿಟ್ಟಿದ್ದಾರೆ.

ಬೇಗ ಬರುತ್ತೇವೆ, ತುಂಬಾ ಬೇಗ, ನೀನು ಸ್ನಾನ ಮುಗಿಸುವ ಮೊದಲೇ!

ನಿನ್ನ ನಿನ್ನ ನಿನ್ನ
ತಿಪ್ಪಿ


ಕಾರಡ್ಕ
26 ಜೂನ್ 2024

ತೃಪ್ತಿ,

ಅಂಗಳದ ತನಕ ಬಂದು ಯಾಕೆ ತಿರುಗಿ ಹೋದೆ?

ಆರತಿ ತಟ್ಟೆ ಹಿಡಿದು ನಾನು ಜಗಲಿಯಲ್ಲಿ ನಿಂತಿದ್ದೆ. ನಿನ್ನ ಗಂಡ ಕಾರು ರಿವರ್ಸ್ ತೆಗೆದ. ನೀನು ನನ್ನ ಮುಖ ನೋಡಿ ಏನಾದರೂ ಹೇಳುತ್ತೀ ಎಂದು ಕಾದೆ. ಕಾರು ತಿರುವಿನಲ್ಲಿ ಮರೆಯಾದ ಮೇಲೂ ದಾರಿಯಲ್ಲಿ ಬಿಟ್ಟುಬಂದ ಏನನ್ನೋ ತೆಗೆದುಕೊಂಡು ತಿರುಗಿ ಬರುತ್ತೀರಿ ಎಂದು ನಿಂತಿದ್ದೆ. ಯತಿನ್ ಬಂದು ತಟ್ಟೆ ತೆಗೆದುಕೊಂಡ.

ನಾನು ನಿಮ್ಮನ್ನೆಲ್ಲ ಕರೆದಿದ್ದೆ. ಕೂಸಪ್ಪನನ್ನೂ ಹೆಸರು ಹಿಡಿದು ಕರೆದೆ, ನಿಮ್ಮೆಲ್ಲರ ಎದುರು. ನಿನ್ನ ಅಪ್ಪನ ತಾಯಿ ಇದ್ದಿದ್ದರೆ ನನಗೆ ಈ ಮನೆಯಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ನಾನು ಅಷ್ಟು ಮಾಡಿದೆ. ನಿನಗೆ ಇನ್ನೆಂತ ಬೇಕಿತ್ತು?

ಅಮ್ಮ


ಮಧೂರು
2 ಜುಲೈ 2024

ಅಮ್ಮಾ,

ಬರೆಯಲು ಕೂತು ಎರಡು ಹಾಳೆ ಹರಿದೆ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ನಿನಗೆ ಕಾಣಿಸದೇ ಇದ್ದದ್ದು ಅದರಲ್ಲಿ ಉಂಟು.

ಮನೆಯ ದಾರಿಗೆ ತಿರುಗುವ ಮೋರಿಯ ಹತ್ತಿರ ಮಾವ "ಇಲ್ಲಿ ನಿಲ್ಸು ಮಗಾ" ಎಂದರು. ಲತೀಶ್ ನಿಲ್ಲಿಸಿದ. ಮಾವ ಇಳಿದರು. ಕೊಡೆ ಬಿಡಿಸಿ, ನೀವು ಮುಂದೆ ಹೋಗಿ ಎಂದು ಸನ್ನೆ ಮಾಡಿದರು. "ಇಷ್ಟು ದೂರ ಕಾರಿನಲ್ಲಿ ಬಂದು ಇಲ್ಲಿ ಯಾಕೆ ಇಳಿಯುವುದು ಮಾವ?" ಎಂದೆ. "ಧನಿಗಳ ಅಂಗಳಕ್ಕೆ ಕಾರಿನಲ್ಲಿ ಕೂತುಕೊಂಡು ಬರುವುದು ಸರಿಯಾಗುವುದಿಲ್ಲ, ಅಕ್ಕನಿಗೆ ಬೇಸರ ಆಗಬಾರದು" ಎಂದರು. ನಾನು ನಕ್ಕೆ. ಹೌದು, ನಕ್ಕೆ. ಲತೀಶ್ ನಗಲಿಲ್ಲ. ಕಾರು ಮೆಲ್ಲ ಹೋಯಿತು, ಹಿಂದಿನ ಗಾಜಿನಲ್ಲಿ ಕೊಡೆ ಹಿಡಿದು ಅವರು ನಡೆದುಕೊಂಡು ಬರುತ್ತಿದ್ದರು.

ಕಾರು ಅಂಗಳಕ್ಕೆ ಬಂದು ನಾನು ಇಳಿದಾಗ ನೀನು ಜಗಲಿಯಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದೆ. ನಿನ್ನ ಮುಖದಲ್ಲಿ ನಗು ಇತ್ತು. ಎಷ್ಟು ದಿನಗಳಿಂದ ನಾನು ಕಾಯುತ್ತಿದ್ದ ನಗು ಅದು. ಅಷ್ಟರಲ್ಲಿ ಮಾವ ಬಂದು ತಲುಪಿದರು. ನೀನು ಅವರನ್ನು ನೋಡಿದೆ. ತುಂಬಾ ಪ್ರೀತಿಯಿಂದಲೇ ಹೇಳಿದೆ: "ಕೂಸಪ್ಪಾ, ಬಾ ಬಾ. ನೀನು ಹಟ್ಟಿಯ ಬದಿಯಿಂದ ಬಾ, ಅಲ್ಲಿ ಕಾಲು ತೊಳೆಯಲಿಕ್ಕೆ ನೀರು ಇಟ್ಟದ್ದುಂಟು."

ಮಾವ "ಆಯ್ತು ಅಕ್ಕ" ಎಂದರು. ಸಂತೋಷದಿಂದ ಎಂದರು. ಇಸ್ತ್ರಿ ಹಾಕಿದ ಬಿಳಿ ಅಂಗಿಯಲ್ಲಿ ದನದ ಹಟ್ಟಿಯ ಕಡೆಗೆ ತಿರುಗಿದರು. ಅತ್ತೆ ಹಪ್ಪಳದ ಕಟ್ಟು ಎತ್ತಿಕೊಂಡು ಕಾರಿನಿಂದ ಇಳಿದು, ಯಾರೂ ಹೇಳದಿದ್ದರೂ, ಅವರ ಹಿಂದೆಯೇ ಹೊರಟರು. ಲತೀಶನ ಕೈ ಸ್ಟಿಯರಿಂಗಿನ ಮೇಲೆಯೇ ಇತ್ತು. ಅವನು ವೈಪರನ್ನು ನೋಡುತ್ತಿದ್ದ. ನಾನು ಮಾತ್ರ ಜಗಲಿಯ ಮೆಟ್ಟಿಲಿನ ಎದುರು ನಿಂತಿದ್ದೆ. ಆ ಮೆಟ್ಟಿಲು ನನ್ನದು, ನಾನು ಬಿದ್ದು ಹಲ್ಲು ಮುರಿದುಕೊಂಡ ಮೆಟ್ಟಿಲು. ಅದನ್ನು ಹತ್ತಲು ನನಗೆ ಯಾರ ಅಪ್ಪಣೆಯೂ ಬೇಡ. ನನ್ನ ಗಂಡ ಯಾವ ಕಡೆಯಿಂದ ಬರಬೇಕು ಎಂದು ನೀನು ಹೇಳಿರಲಿಲ್ಲ. ಅವನು ಅದಕ್ಕಾಗಿ ಕಾಯುತ್ತಿದ್ದ ಎಂದು ನನಗೆ ಆಗ ಗೊತ್ತಾಯಿತು.

ಓಡಿ ಹೋಗಿ ಮಾವನನ್ನೂ ಅತ್ತೆಯನ್ನೂ ಕೈ ಹಿಡಿದು ಎಳೆದುಕೊಂಡು ಬಂದೆ. "ಕಾರಿನಲ್ಲಿ ಕೂತುಕೊಳ್ಳಿ" ಎಂದೆ. ಲತೀಶನಿಗೆ "ತಿರುಗಿಸು" ಎಂದೆ. ಅಷ್ಟೇ ನಡೆದದ್ದು.

ಬೋವಿಕ್ಕಾನ ದಾಟಿದ ಮೇಲೆ ಮಾವ ಹೇಳಿದರು, "ಎಂತ ಮಾಡಿದ್ದು ಮಗಾ ನೀನು? ಅಕ್ಕ ಮನಸ್ಸಿಟ್ಟು ಕರೆದದ್ದು. ಮೂಡೆ ಮಾಡಿಸಿದ್ದರು. ನಾನು ಯಾವ ಬದಿಯಿಂದ ಹೋದರೆ ನಿನಗೆಂತ?" ಅವರಿಗೆ ನನ್ನ ಮೇಲೆ ಸಿಟ್ಟು ಬಂದಿದೆ. ನಿನ್ನ ಮೇಲೆ ಅಲ್ಲ. ನನ್ನ ಹತ್ತಿರ ಈಗ ಅಗತ್ಯ ಇದ್ದಷ್ಟೇ ಮಾತಾಡುತ್ತಾರೆ. ಆ ಅಂಗಿಯನ್ನು ಮಡಚಿ ಇಟ್ಟಿದ್ದಾರೆ, ಶುಕ್ರವಾರ ಒಂದು ಮದುವೆಗೂ ಹಾಕಿಕೊಳ್ಳಲಿಲ್ಲ.

ಲತೀಶ್ ಒಂದೇ ಮಾತು ಹೇಳಿದ್ದು: "ನೀನು ತಿರುಗಿಸು ಅನ್ನದಿದ್ದರೆ ನಾನು ಇಳಿದು ಅಪ್ಪನ ಹಿಂದೆ ಹೋಗುತ್ತಿದ್ದೆ. ಚಿಕ್ಕಂದಿನಲ್ಲಿ ಹಾಗೆಯೇ ಬಂದದ್ದಲ್ಲವಾ?" ನಾವು ಒಂದೇ ಮನೆಗೆ ಬೇರೆ ಬೇರೆ ದಾರಿಯಿಂದ ಬರುತ್ತಿದ್ದೆವು ಎಂಬುದು ನನಗೆ ಅಲ್ಲಿಯವರೆಗೆ ಒಮ್ಮೆಯೂ ಹೊಳೆದಿರಲಿಲ್ಲ.

ನೀನು ಕೇಳಿದ್ದೀ, ಇನ್ನೆಂತ ಬೇಕಿತ್ತು ಎಂದು. ಅಮ್ಮಾ, ಊಟದ ಎಲೆಗಳನ್ನು ಎಲ್ಲಿ ಹಾಕಿಸಿದ್ದೆ? ಎಲ್ಲವೂ ಒಳಗೆ, ಒಂದೇ ಸಾಲಿನಲ್ಲಿ ಇದ್ದವಾ? ನಾನು ನೋಡಲಿಲ್ಲ. ಇದ್ದಿರಬಹುದು. ಇದ್ದಿದ್ದರೆ ನಾನು ನಿನಗೆ ದೊಡ್ಡ ಅನ್ಯಾಯ ಮಾಡಿದೆ. ಇಲ್ಲದಿದ್ದರೆ ಅದನ್ನು ನೋಡಿ ಆಮೇಲೆ ನಿನ್ನ ಕೈಯ ಅನ್ನ ಉಣ್ಣಲು ನನಗೆ ಯಾವತ್ತೂ ಆಗುತ್ತಿರಲಿಲ್ಲ. ಅದಕ್ಕೇ ನೋಡದೆ ಬಂದೆ.

ನೀನು ಬಹಳ ದೂರ ಬಂದೆ, ನನಗೆ ಗೊತ್ತು. ಇನ್ನು ಆ ಮೆಟ್ಟಿಲಿನಷ್ಟು ದೂರ ಉಂಟು. ಮಾವನನ್ನು ಎದುರಿನಿಂದ ಬಾ ಎನ್ನಲು ನಿನ್ನಿಂದ ಆಗುತ್ತದೆ ಎಂದಾದರೆ ಒಂದು ಸಾಲು ಬರೆ, ಆ ದಿನವೇ ಬರುತ್ತೇವೆ. ಆಗುವುದಿಲ್ಲ ಎಂದಾದರೆ ಬರೆಯುವುದು ಬೇಡ. ಯಾಕೆ ಎಂದು ಕೇಳಿ ನಾನು ಮತ್ತೆ ಪತ್ರ ಹಾಕುವುದಿಲ್ಲ.

ಆ ಭಾನುವಾರ ಬೆಳಿಗ್ಗೆ ಅತ್ತೆ ದೋಸೆ ಹೊಯ್ದು ಕರೆದಿದ್ದರು. ನಾನು ತಿನ್ನಲಿಲ್ಲ. ಹೊಟ್ಟೆ ಖಾಲಿ ಇಟ್ಟುಕೊಂಡು ನಿನ್ನಲ್ಲಿಗೆ ಬಂದಿದ್ದೆ ಅಮ್ಮಾ.

ತೃಪ್ತಿ